ಸ್ನಾತಕೋತ್ತರ ವಿದ್ಯಾರ್ಥಿಯೂ ಗಣಕಯಂತ್ರವೂ

ಕಳೆದ ವರ್ಷ, ಪ್ರಬಂಧಗಳನ್ನು ಒಪ್ಪಿಸುವುದಕ್ಕೆ ಇನ್ನು ಐದೇ ವಾರಗಳಿದ್ದಾಗ, ಒಂದು ಸಂಜೆ ನಾವು ಪ್ರಯೋಗಶಾಲೆಯ ಬಾಗಿಲು ಹಾಕಿಸಿ ಮನೆಗೆ ಹೊರಡುವುದರಲ್ಲಿದ್ದೆವು. ಎಂ.ಎಸ್‌ಸಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದು ಬಾಗಿಲಲ್ಲಿ ನಿಂತಳು. “ಏನಮ್ಮ?” ಎಂದೆವು. “ಸರ್, ಬೆಳಗ್ಗೆಯಿಂದ ಇದು ಆನ್ ಆಗುತ್ತಿಲ್ಲ. ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಡಿಸ್ಕ್ ಹೋಗಿದೆ, ಒಳಗಿದ್ದುದು ಏನೂ ಬರುವುದಿಲ್ಲ ಎಂದರು” ಎಂದಳು. ಅವಳು ನಾಲ್ಕು ತಿಂಗಳಿಂದ ಸತುವಿನ ಆಕ್ಸೈಡಿನ ತೆಳುಪೊರೆಗಳನ್ನು ಕಾಯಿಸಿ, ಉಷ್ಣತೆ ಏರಿದಂತೆ ಅವುಗಳ ವಿದ್ಯುದ್ರೋಧ ಹೇಗೆ ಇಳಿಯುವುದೆಂಬುದನ್ನು ಅಳೆಯುತ್ತಿದ್ದಳು. ಹನ್ನೊಂದು ಪೊರೆಗಳು, ಒಂದೊಂದಕ್ಕೂ ಅರವತ್ತು ಎಪ್ಪತ್ತು ಅಳತೆಗಳು. ಬೇರೆಲ್ಲಿಯಾದರೂ ನಕಲು ಇದೆಯೇ ಎಂದು ಕೇಳಿದೆವು. “ಪೆನ್‌ಡ್ರೈವಿಗೆ ಹಾಕಬೇಕು ಅಂದುಕೊಂಡಿದ್ದೆ, ಸರ್” ಎಂದು ತಲೆ ತಗ್ಗಿಸಿದಳು.

ಈ ಮಾತನ್ನು ನಾವು ಅಧ್ಯಾಪಕರಾದಂದಿನಿಂದ ಎಷ್ಟು ಬಾರಿ ಕೇಳಿರುವೆವೋ ಲೆಕ್ಕವಿಲ್ಲ. ವಿದ್ಯಾರ್ಥಿಯಾಗಿದ್ದಾಗ ನಾವೇ ನಮ್ಮ ಗುರುಗಳ ಮುಂದೆ ಒಮ್ಮೆ ಇದನ್ನೇ ಹೇಳಿದ್ದುಂಟು. ಆದುದರಿಂದ ಆ ಹುಡುಗಿಯನ್ನು ಗದರಿಸುವ ಅಧಿಕಾರ ನಮಗಿರಲಿಲ್ಲ. ನಮ್ಮ ಪಠ್ಯಕ್ರಮಗಳಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ಭಾಷೆಗಳನ್ನು ಕಲಿಸುತ್ತೇವೆ, ಸಂಖ್ಯಾತ್ಮಕ ವಿಧಾನಗಳನ್ನು ಕಲಿಸುತ್ತೇವೆ, ಪರೀಕ್ಷೆಯನ್ನೂ ಮಾಡುತ್ತೇವೆ. ಆದರೆ ಎರಡು ಮೂರು ವರ್ಷ ಈ ಯಂತ್ರದೊಡನೆ ಒಂದೇ ಕೊಠಡಿಯಲ್ಲಿ ಬಾಳುವುದು ಹೇಗೆ, ಅದರ ಗುಣದೋಷಗಳೇನು, ಅದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಯಾವ ಪತ್ರಿಕೆಯಲ್ಲಿಯೂ ಕೇಳುವುದಿಲ್ಲ. ಕೇಳದಿರುವುದನ್ನು ಕಲಿಸುವವರೂ ಕಡಮೆ. ಭೌತವಿಜ್ಞಾನದ ವಿಭಾಗದಲ್ಲಿ ನಮ್ಮ ಕಣ್ಣಿಗೆ ಬಿದ್ದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಇತರ ಶಾಸ್ತ್ರಗಳ ವಿದ್ಯಾರ್ಥಿಗಳಿಗೂ, ಮನೆಯಲ್ಲಿ ಅಂಥ ಮಕ್ಕಳಿರುವ ತಂದೆತಾಯಿಗಳಿಗೂ ಇವು ಪ್ರಯೋಜನಕ್ಕೆ ಬರಬಹುದು.

ಮೊದಲಿಗೆ, ಬರೆದಿಟ್ಟುದು ಯಂತ್ರದೊಳಗೆ ಎಲ್ಲಿರುತ್ತದೆ ಎಂಬುದನ್ನು ನೋಡೋಣ. ಹಳೆಯ ಬಗೆಯ ಡಿಸ್ಕುಗಳಲ್ಲಿ ಕಾಂತಲೇಪನವುಳ್ಳ ತಟ್ಟೆಯೊಂದು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತಿರುವುದು. ಅದರ ಮೇಲೆ ಓದುವ ತಲೆಯು ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುತ್ತಿರುವುದು. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರು ಎಂಬುದನ್ನು ನೆನೆದರೆ, ಮೇಜಿನಿಂದ ಬಿದ್ದ ಪೆಟ್ಟಿಗೆಯೊಳಗೆ ಏನಾಗುವುದೆಂದು ಊಹಿಸಬಹುದು. ಈಚಿನ ಲ್ಯಾಪ್‌ಟಾಪುಗಳಲ್ಲಿಯೂ ಪೆನ್‌ಡ್ರೈವುಗಳಲ್ಲಿಯೂ ತಿರುಗುವ ಭಾಗವೇ ಇಲ್ಲ. ಅವುಗಳಲ್ಲಿ ಲಕ್ಷಗಟ್ಟಲೆಯಲ್ಲ, ಕೋಟಿಕೋಟಿ ಸಂಖ್ಯೆಯ ಸೂಕ್ಷ್ಮ ಕೋಶಗಳಿದ್ದು, ನಿರೋಧಕ ಪದರಗಳ ನಡುವೆ ಸೆರೆ ಸಿಕ್ಕಿರುವ ಎಲೆಕ್ಟ್ರಾನುಗಳೇ ನಮ್ಮ ಬರಹ. ಪ್ರತಿ ಸಲ ಅಳಿಸಿ ಬರೆದಾಗಲೂ ಆ ನಿರೋಧಕ ಪದರ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಇದಲ್ಲದೆ, ಯಾವ ಬರಹ ಯಾವ ಕೋಶದಲ್ಲಿದೆ ಎಂಬ ಲೆಕ್ಕವನ್ನಿಡುವ ಚಿಕ್ಕ ಮಂಡಲವೊಂದುಂಟು. ಅದು ಕೆಟ್ಟಿತೆಂದರೆ ಎಲೆಕ್ಟ್ರಾನುಗಳು ಇದ್ದಲ್ಲಿಯೇ ಇದ್ದರೂ ಅವುಗಳನ್ನು ಓದುವ ದಾರಿಯೇ ಇಲ್ಲದಂತಾಗುವುದು. ತಿರುಗುವ ಡಿಸ್ಕು ಸಾಯುವ ಮುನ್ನ ಎಷ್ಟೋ ವೇಳೆ ಕಟಕಟನೆ ಸದ್ದು ಮಾಡಿ ಎಚ್ಚರಿಸುವುದು. ಹೊಸ ಬಗೆಯದು ಸಾಮಾನ್ಯವಾಗಿ ಏನೂ ಹೇಳದೆ ಹೋಗಿಬಿಡುವುದು. ಆ ಹುಡುಗಿಯ ಯಂತ್ರದಲ್ಲಿ ಆದುದೂ ಇದೇ. ಹಿಂದಿನ ರಾತ್ರಿ ಮುಚ್ಚಿಟ್ಟಾಗ ಚೆನ್ನಾಗಿತ್ತು. ಬೆಳಗ್ಗೆ ತೆರೆದಾಗ ಇರಲಿಲ್ಲ.

ಬಡ ಹುಡುಗಿಯ ಅಗ್ಗದ ಲ್ಯಾಪ್‌ಟಾಪು, ಆದುದರಿಂದ ಹೀಗಾಯಿತು ಎಂದು ಯಾರಾದರೂ ಹೇಳಬಹುದು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಮಹಾಗಣಕ ಅಗ್ಗದ್ದೇನೂ ಅಲ್ಲ. ೨೦೨೧ರ ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿ ಎರಡು ದಿನಗಳ ಅಂತರದಲ್ಲಿ ೭೭ ಟೆರಾಬೈಟುಗಳಷ್ಟು, ಅಂದರೆ ಸುಮಾರು ಮೂರು ಕೋಟಿ ನಲವತ್ತು ಲಕ್ಷ ಕಡತಗಳಷ್ಟು, ಸಂಶೋಧನ ಸಾಮಗ್ರಿ ಅಳಿಸಿಹೋಯಿತು. ಹದಿನಾಲ್ಕು ಸಂಶೋಧನ ತಂಡಗಳಿಗೆ ನಷ್ಟವಾಯಿತು. ಅವುಗಳಲ್ಲಿ ನಾಲ್ಕು ತಂಡಗಳ ಸಾಮಗ್ರಿಯನ್ನು ಮರಳಿ ಪಡೆಯುವುದು ಸಾಧ್ಯವೇ ಆಗಲಿಲ್ಲ. ವಿನೋದವೆಂದು ಹೇಳಬೇಕೋ ವಿಷಾದವೆಂದು ಹೇಳಬೇಕೋ ತಿಳಿಯದು, ಅಳಿಸಿದ್ದು ನಕಲು ತೆಗೆಯುವುದಕ್ಕಾಗಿಯೇ ಇದ್ದ ಕ್ರಮವಿಧಿ! ಹಳೆಯ ದಿನಚರಿ ಕಡತಗಳನ್ನು ಮಾತ್ರ ಅಳಿಸಬೇಕಾಗಿದ್ದ ಆಜ್ಞೆಯೊಂದು ಅದರಲ್ಲಿತ್ತು. ಅದು ಓಡುತ್ತಿರುವಾಗಲೇ ಅದನ್ನು ತಿದ್ದಿ ಹೊಸದನ್ನು ಅದರ ಮೇಲೆಯೇ ಬರೆದರು. ಯಂತ್ರವು ಮೊದಲರ್ಧವನ್ನು ಹಳೆಯದರಿಂದಲೂ ಉಳಿದರ್ಧವನ್ನು ಹೊಸದರಿಂದಲೂ ಓದಿಕೊಂಡಿತು. ಯಾವ ಕೋಣೆಯಲ್ಲಿ ಅಳಿಸಬೇಕೆಂಬ ಹೆಸರು ತೆರವಾಗಿ, ಮನೆಯನ್ನೇ ಗುಡಿಸಿ ಹಾಕಿತು.

ಈ ವಿಷಯದಲ್ಲಿ ಬಲ್ಲವರು ಹೇಳುವ ರೂಢಿಯ ಸೂತ್ರವೊಂದಿದೆ: ಮೂರು ಪ್ರತಿಗಳಿರಬೇಕು, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ ಇರಬೇಕು. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಅಂತರಜಾಲದ ಉಗ್ರಾಣದಲ್ಲಿ ಒಂದು ಎಂದರೆ ವಿದ್ಯಾರ್ಥಿಗೆ ಸಾಕು. ಲ್ಯಾಪ್‌ಟಾಪನ್ನೂ ಡಿಸ್ಕನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುವವರಿದ್ದಾರೆ. ಚೀಲ ಕಳೆದುಹೋದ ದಿನ ಅವರ ಎರಡು ಪ್ರತಿಗಳೂ ಒಂದೇ ಆಗುತ್ತವೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ಅಂತರಜಾಲದ ಉಗ್ರಾಣವು ಲ್ಯಾಪ್‌ಟಾಪಿನಲ್ಲಿರುವುದನ್ನು ತಾನಾಗಿಯೇ ಅನುಸರಿಸುವಂತೆ ಇಟ್ಟುಕೊಂಡರೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿದೀತು. ಅದು ಕನ್ನಡಿಯೇ ಹೊರತು ನಕಲಲ್ಲ. ಅಳಿಸಿದ್ದನ್ನು ಕೆಲವು ದಿನ ಕಸದಬುಟ್ಟಿಯಲ್ಲಿ ಉಳಿಸಿಕೊಳ್ಳುವ ಉಗ್ರಾಣಗಳಿವೆ, ನಿಜ. ಆದರೆ ಪ್ರಬಂಧದ ಎರಡನೆಯ ಅಧ್ಯಾಯ ಹೋಗಿರುವುದು ನಮಗೆ ಗೊತ್ತಾಗುವುದು ಆ ಕೆಲವು ದಿನಗಳೊಳಗೇ ಎಂದು ಯಾರು ಹೇಳಬಲ್ಲರು? ವಾರಕ್ಕೊಮ್ಮೆಯಾದರೂ, ಆ ದಿನದ ತಾರೀಖು ಹಾಕಿ, ಪ್ರತ್ಯೇಕವಾದ ಪ್ರತಿಯೊಂದನ್ನು ಇಡುವುದು ಲೇಸು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಬ್ಬರ ಯಂತ್ರದಲ್ಲಿ ತೆರೆದೂ ನೋಡಬೇಕು. ತೆರೆಯದ ಪ್ರತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಜೆರಾಕ್ಸ್ ಅಂಗಡಿಯ ಗಣಕಕ್ಕೆ ಚುಚ್ಚಿ ತಂದ ಪೆನ್‌ಡ್ರೈವನ್ನು ಈ ಮೂರರಲ್ಲಿ ಸೇರಿಸಬಾರದು. ಊರಿನ ಎಲ್ಲರ ಪೆನ್‌ಡ್ರೈವುಗಳೂ ಅಲ್ಲಿ ಕೈಕುಲುಕಿಕೊಂಡಿರುತ್ತವೆ. ಮುದ್ರಿಸಬೇಕಾದ ಕಡತವೊಂದನ್ನೇ ಬೇರೆಯದರಲ್ಲಿ ಹಾಕಿಕೊಂಡು ಹೋಗಬೇಕು.

ಕಡತಗಳಿಗೆ ಹೆಸರಿಡುವುದು ನಗುವ ವಿಷಯವೆಂದು ತೋರಬಹುದು. ಒಬ್ಬ ವಿದ್ಯಾರ್ಥಿಯ ಯಂತ್ರದಲ್ಲಿ ‘ಫೈನಲ್’, ‘ಫೈನಲ್ ೨’, ‘ಹೊಸ ಫೈನಲ್’, ‘ಸರ್ ತಿದ್ದಿದ ಫೈನಲ್’ ಎಂಬ ನಾಲ್ಕು ಪ್ರಬಂಧಗಳನ್ನು ನಾವು ಕಂಡೆವು. ಯಾವುದು ಕೊನೆಯದೆಂದು ಅವನಿಗೂ ಗೊತ್ತಿರಲಿಲ್ಲ. ಹೆಸರಿನ ಮೊದಲಲ್ಲಿ ವರ್ಷ, ಅನಂತರ ತಿಂಗಳು, ಅನಂತರ ದಿನ ಹೀಗೆ ಬರೆದರೆ ಈ ತೊಡಕು ತಾನಾಗಿ ಬಿಡುವುದು. ಕಾರಣವೇನೆಂದರೆ, ಯಂತ್ರವು ಹೆಸರುಗಳನ್ನು ನಿಘಂಟಿನಂತೆ ಎಡದಿಂದ ಬಲಕ್ಕೆ ಹೋಲಿಸಿ ಜೋಡಿಸುತ್ತದೆ. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ ಜನವರಿ ಒಂದರ ಪಕ್ಕದಲ್ಲಿ ಡಿಸೆಂಬರ್ ಒಂದು ಬಂದು ಕೂರುವುದು. ವರ್ಷ ಮೊದಲಾದರೆ ನಿಘಂಟಿನ ಕ್ರಮವೂ ಕಾಲದ ಕ್ರಮವೂ ಒಂದೇ ಆಗುವುದು.

ಇನ್ನು, ಯಂತ್ರವು ಎಣಿಸುವ ರೀತಿ. ನಮ್ಮ ಶಾಸ್ತ್ರದವರಿಗೆ ಇದರಷ್ಟು ಸ್ವಾರಸ್ಯವಾದ, ಇದರಷ್ಟು ಅಪಾಯಕರವಾದ ವಿಷಯ ಮತ್ತೊಂದಿಲ್ಲ.

೧೯೬೧ರ ಚಳಿಗಾಲದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಎಡ್ವರ್ಡ್ ಲೊರೆನ್ಸ್ ಎಂಬ ಹವಾವಿಜ್ಞಾನಿ ಹನ್ನೆರಡು ಸಮೀಕರಣಗಳಿಂದ ಕೂಡಿದ ಕಲ್ಪಿತ ವಾಯುಮಂಡಲವೊಂದನ್ನು ಮೇಜಿನಷ್ಟು ದೊಡ್ಡದಾದ ಗಣಕದಲ್ಲಿ ನಡೆಸುತ್ತಿದ್ದರು. ಹಿಂದೆ ಮಾಡಿದ್ದ ಲೆಕ್ಕವೊಂದರ ಒಂದು ಭಾಗವನ್ನು ಇನ್ನಷ್ಟು ದೂರ ಮುಂದುವರಿಸಿ ನೋಡುವ ಅಪೇಕ್ಷೆಯಿಂದ, ಮೊದಲಿನಿಂದ ಆರಂಭಿಸದೆ, ಮುದ್ರಿತವಾಗಿದ್ದ ಹಾಳೆಯಿಂದ ನಡುವಿನ ಸಂಖ್ಯೆಗಳನ್ನು ನೋಡಿಕೊಂಡು ಯಂತ್ರಕ್ಕೆ ಉಣಿಸಿ, ಕಾಫಿ ಕುಡಿಯಲು ಹೋದರು. ಒಂದು ಗಂಟೆಯ ಅನಂತರ ಬಂದು ನೋಡಿದರೆ, ಹೊಸ ಲೆಕ್ಕದ ಹವೆಗೂ ಹಳೆಯ ಲೆಕ್ಕದ ಹವೆಗೂ ಸಂಬಂಧವೇ ಇರಲಿಲ್ಲ. ಆ ಕಾಲದ ಗಣಕಗಳಲ್ಲಿ ನಿರ್ವಾತ ಕೊಳವೆಗಳಿದ್ದುವು. ಅವುಗಳಲ್ಲೊಂದು ಕೆಟ್ಟಿರಬೇಕೆಂದು ಮೊದಲು ಸಂದೇಹಪಟ್ಟರು. ಕೊಳವೆಗಳೆಲ್ಲ ಚೆನ್ನಾಗಿಯೇ ಇದ್ದುವು. ಯಂತ್ರದ ಹೊಟ್ಟೆಯಲ್ಲಿದ್ದ ಸಂಖ್ಯೆ ೦.೫೦೬೧೨೭, ಸ್ಥಳ ಉಳಿಸುವುದಕ್ಕಾಗಿ ಹಾಳೆಯ ಮೇಲೆ ಮುದ್ರಿಸುತ್ತಿದ್ದುದು ೦.೫೦೬. ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಕೆಲವು ವಾರಗಳ ಕಲ್ಪಿತ ಹವೆಯಲ್ಲಿ ಬೆಳೆದು ಬೆಳೆದು ಎಲ್ಲವನ್ನೂ ನುಂಗಿಬಿಟ್ಟಿತು. ೧೯೬೩ರಲ್ಲಿ ಲೊರೆನ್ಸರು ಪ್ರಕಟಿಸಿದ ಲೇಖನ ಇಂದು ‘ಚಿಟ್ಟೆಯ ಪರಿಣಾಮ’ ಎಂದು ಹೆಸರಾದ ವಿಷಯಕ್ಕೆ ಮೂಲವಾಯಿತು. (ಆ ಯಂತ್ರಕ್ಕೆ ಅವರ ಕ್ರಮವಿಧಿಗಳನ್ನು ಬರೆಯಲು ನೆರವಾಗುತ್ತಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ತರುಣಿಯೇ ಮುಂದೆ ಚಂದ್ರಯಾನದ ಅಪೊಲೊ ನೌಕೆಗಳ ಕ್ರಮವಿಧಿಗಳನ್ನು ಬರೆದ ತಂಡದ ಮುಖ್ಯಸ್ಥೆಯಾದರು.)

ಲೊರೆನ್ಸರ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ಸಂತೋಷದಿಂದ ಕೇಳುತ್ತಾರೆ. ಮರುದಿನ ಪ್ರಯೋಗಶಾಲೆಯಲ್ಲಿ ಅದನ್ನೇ ಮಾಡುತ್ತಾರೆ. ನಮ್ಮಲ್ಲಿ ಅರೆವಾಹಕದ ಪ್ರಯೋಗವೊಂದುಂಟು. ಅದರಲ್ಲಿ ಉಷ್ಣತೆಯ ವಿಲೋಮವನ್ನು ಒಂದು ಅಕ್ಷದ ಮೇಲೆ ಗುರುತಿಸಬೇಕು. ೩೦೦ ಕೆಲ್ವಿನ್ನಿನ ವಿಲೋಮ ೦.೦೦೩೩೩, ೩೧೦ ಕೆಲ್ವಿನ್ನಿನದು ೦.೦೦೩೨೩. ಸ್ಪ್ರೆಡ್‌ಶೀಟಿನ ಮನೆಯನ್ನು ಮೂರು ದಶಮಾಂಶ ಸ್ಥಾನ ತೋರಿಸುವಂತೆ ಇಟ್ಟಿದ್ದರೆ ಎರಡೂ ೦.೦೦೩ ಎಂದು ಕಾಣುವುವು. ೩೯೦ ಕೆಲ್ವಿನ್ನಿನವರೆಗೂ ಅದೇ ೦.೦೦೩! ಒಳಗೆ ಪೂರ್ಣ ಸಂಖ್ಯೆ ಇದ್ದೇ ಇದೆ. ಯಂತ್ರವೇ ನಕ್ಷೆ ಬರೆದರೆ ಸರಿಯಾಗಿಯೇ ಬರುವುದು. ಆದರೆ ವಿದ್ಯಾರ್ಥಿ ತೆರೆಯ ಮೇಲಿನದನ್ನು ದಾಖಲೆ ಪುಸ್ತಕಕ್ಕೆ ಇಳಿಸಿಕೊಂಡು, ಅಲ್ಲಿಂದ ಮತ್ತೊಂದು ಯಂತ್ರಕ್ಕೆ ತುಂಬುತ್ತಾನೆ. ಹತ್ತು ಅಳತೆಗಳು ಒಂದೇ ನೆಟ್ಟನೆಯ ಗೆರೆಯ ಮೇಲೆ ಕಂಬದಂತೆ ನಿಂತಾಗ, “ಸರ್, ಪೊರೆ ಕೆಟ್ಟಿರಬೇಕು” ಎನ್ನುತ್ತಾನೆ.

ತೋರಿಸುವುದರಲ್ಲಿ ಮಾತ್ರವಲ್ಲ, ಇಟ್ಟುಕೊಳ್ಳುವುದರಲ್ಲಿಯೂ ಯಂತ್ರಕ್ಕೆ ಮಿತಿಯುಂಟು. ನಾವು ಹತ್ತರ ಪದ್ಧತಿಯಲ್ಲಿ ಎಣಿಸುತ್ತೇವೆ. ಅದು ಎರಡರ ಪದ್ಧತಿಯಲ್ಲಿ ಎಣಿಸುತ್ತದೆ. ಮೂರನೆಯ ಒಂದು ಭಾಗವನ್ನು ನಮ್ಮ ಪದ್ಧತಿಯಲ್ಲಿ ಬರೆಯಹೊರಟರೆ ೦.೩೩೩೩... ಎಂದು ಮುಗಿಯುವುದೇ ಇಲ್ಲವಲ್ಲವೆ? ಹಾಗೆಯೇ ಹತ್ತನೆಯ ಒಂದು ಭಾಗವನ್ನು ಎರಡರ ಪದ್ಧತಿಯಲ್ಲಿ ಬರೆದರೆ ೦.೦೦೦೧೧೦೦೧೧೦೦೧೧... ಎಂದು ಕೊನೆಯಿಲ್ಲದೆ ಸಾಗುವುದು. ಯಂತ್ರದಲ್ಲಿ ಕೊನೆಯಿಲ್ಲದ ಸ್ಥಳವಿಲ್ಲ. ೧೯೮೫ರಲ್ಲಿ ಗೊತ್ತುಮಾಡಿದ ಮಾನಕದಂತೆ ಸಾಮಾನ್ಯವಾಗಿ ೫೩ ದ್ವಿಮಾನ ಅಂಕಗಳನ್ನಿಟ್ಟುಕೊಂಡು ಉಳಿದುದನ್ನು ಬಿಟ್ಟುಬಿಡುವುದು. ನಮ್ಮ ಲೆಕ್ಕದಲ್ಲಿ ಇದು ಹೆಚ್ಚು ಕಡಮೆ ಹದಿನಾರು ಅಂಕಗಳಾದುವು. ಆದಕಾರಣ ೦.೧ಕ್ಕೆ ೦.೨ನ್ನು ಕೂಡಿಸಿ ಪೂರ್ಣವಾಗಿ ತೋರಿಸೆಂದು ಪೈಥಾನ್ ಭಾಷೆಯಲ್ಲಿ ಕೇಳಿದರೆ ಬರುವ ಉತ್ತರ ೦.೩ ಅಲ್ಲ, ೦.೩೦೦೦೦೦೦೦೦೦೦೦೦೦೦೦೪. ವಾಚಕರು ತಾವೇ ಮಾಡಿ ನೋಡಬಹುದು.

ಇಷ್ಟು ಚಿಕ್ಕ ತಪ್ಪಿನಿಂದ ಆಗುವುದೇನು ಎಂದು ಕೇಳುವವರಿಗೆ ಒಂದು ದುಃಖದ ಪ್ರಸಂಗವನ್ನು ಹೇಳಬೇಕಾಗಿದೆ. ೧೯೯೧ರ ಫೆಬ್ರವರಿ ೨೫ರಂದು, ಕೊಲ್ಲಿ ಯುದ್ಧದ ಕಾಲದಲ್ಲಿ, ಸೌದಿ ಅರೇಬಿಯದ ದಹ್ರಾನಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ಬಿಡಾರದ ಮೇಲೆ ಬಿದ್ದು ೨೮ ಮಂದಿ ಸತ್ತರು. ಅದನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ವ್ಯವಸ್ಥೆಯ ಗಣಕವು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಅದರ ಅಂಕಣದಲ್ಲಿದ್ದುದು ೨೪ ದ್ವಿಮಾನ ಸ್ಥಾನಗಳು ಮಾತ್ರ; ಆದುದರಿಂದ ಪ್ರತಿ ಹತ್ತನೆಯ ಒಂದರಲ್ಲಿಯೂ ಸುಮಾರು ೦.೦೦೦೦೦೦೦೯೫ ಸೆಕೆಂಡು ಕಡಮೆ ಬೀಳುತ್ತಿತ್ತು. ಯಂತ್ರವನ್ನು ನೂರು ಗಂಟೆಗಳ ಕಾಲ ನಿಲ್ಲಿಸದೆ ಓಡಿಸಿದ್ದರು. ನೂರು ಗಂಟೆಯೆಂದರೆ ೩೬ ಲಕ್ಷ ಹತ್ತನೆಯ ಭಾಗಗಳು, ಗುಣಿಸಿದರೆ ೦.೩೪ ಸೆಕೆಂಡು. ಸ್ಕಡ್ ಕ್ಷಿಪಣಿಯ ವೇಗ ಸೆಕೆಂಡಿಗೆ ೧,೬೭೬ ಮೀಟರು. ಅಷ್ಟರಲ್ಲಿ ಅದು ಅರ್ಧ ಕಿಲೋಮೀಟರಿಗೂ ಮಿಗಿಲಾದ ದೂರ ಸಾಗಿಬಿಡುವುದು; ಯಂತ್ರ ನೋಡುತ್ತಿದ್ದ ಕಡೆ ಆಕಾಶ ಬರಿದಾಗಿತ್ತು. ಬಹಳ ಹೊತ್ತು ಎಡೆಬಿಡದೆ ಓಡಿಸಿದರೆ ಗುರಿ ತಪ್ಪಬಹುದೆಂಬ ಎಚ್ಚರಿಕೆ ನಾಲ್ಕು ದಿನ ಮೊದಲೇ ಹೋಗಿತ್ತು. ‘ಬಹಳ ಹೊತ್ತು’ ಎಂದರೆ ಎಷ್ಟು ಗಂಟೆ ಎಂಬುದನ್ನು ಅದರಲ್ಲಿ ಹೇಳಿರಲಿಲ್ಲ. ತಿದ್ದಿದ ಕ್ರಮವಿಧಿ ದಹ್ರಾನಿಗೆ ಬಂದು ಸೇರಿದ್ದು ಮರುದಿನ.

ನಮ್ಮ ವಿದ್ಯಾರ್ಥಿಗಳ ಲೆಕ್ಕದಲ್ಲಿ ಪ್ರಾಣಹಾನಿಯಾಗುವುದಿಲ್ಲ. ಆದರೂ ಹೆಚ್ಚು ಕಡಮೆ ಸಮನಾದ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುವಾಗ ಎಚ್ಚರವಿರಬೇಕು. ಒಂದರಿಂದ ಕೋನವೊಂದರ ಕೊಸೈನನ್ನು ಕಳೆಯಬೇಕಾಗಿದೆ ಎನ್ನೋಣ. ಕೋನವು ರೇಡಿಯನ್ನಿನ ಹತ್ತು ಕೋಟಿಯಲ್ಲಿ ಒಂದು ಭಾಗವಾಗಿದ್ದರೆ ಯಂತ್ರ ಕೊಡುವ ಉತ್ತರ ಸೊನ್ನೆ. ಅದೇ ಸಂಗತಿಯನ್ನು ಅರ್ಧಕೋನದ ಸೈನಿನ ವರ್ಗದ ಎರಡರಷ್ಟು ಎಂದು ಬರೆದು ಕೇಳಿದರೆ ಸರಿಯಾದ ಉತ್ತರ ಬರುವುದು. ಹೈಸ್ಕೂಲಿನಲ್ಲಿ ಉರುಹೊಡೆದ ತ್ರಿಕೋನಮಿತಿಯ ಸೂತ್ರಕ್ಕೆ ಇಂಥದೊಂದು ಉಪಯೋಗವಿದೆಯೆಂದು ನಮಗೆ ಆಗ ಯಾರೂ ಹೇಳಲಿಲ್ಲ.

ಹಾಸ್ಟೆಲಿನಲ್ಲಿ ರಾತ್ರಿಯಿಡೀ ಲೆಕ್ಕ ಓಡಿಸುವವರಿಗೂ ಲೊರೆನ್ಸರ ಕಥೆ ಉಪಯುಕ್ತ. ಹನ್ನೆರಡು ಗಂಟೆಯ ಲೆಕ್ಕವನ್ನು ಹಚ್ಚಿ ಮಲಗಿದರೆ, ಮೂರು ಗಂಟೆಯ ಹೊತ್ತಿಗೆ ಕರೆಂಟು ಹೋಗುವುದು. ಬೆಳಗ್ಗೆ ಎದ್ದಾಗ ಮತ್ತೆ ಮೊದಲಿನಿಂದ ಆರಂಭ. ಅರ್ಧ ಗಂಟೆಗೊಮ್ಮೆ ಅಂದಿನ ಸ್ಥಿತಿಯನ್ನು ಕಡತವೊಂದಕ್ಕೆ ಬರೆದಿಡುವಂತೆ, ಮತ್ತೆ ಅಲ್ಲಿಂದಲೇ ಮುಂದುವರಿಯುವಂತೆ ಕ್ರಮವಿಧಿಯಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು. ಬರೆದಿಡುವಾಗ ಮೂರಂಕಗಳನ್ನಲ್ಲ, ಹದಿನೇಳು ಅಂಕಗಳನ್ನು ಬರೆಯಬೇಕು. ಅಷ್ಟಿದ್ದರೆ ಯಂತ್ರವು ತನ್ನಲ್ಲಿದ್ದ ಸಂಖ್ಯೆಯನ್ನೇ ತಪ್ಪದೆ ಮರಳಿ ಪಡೆಯುವುದು. ಬೇಕಾದಷ್ಟು ಜನ ಇಷ್ಟನ್ನೂ ಮಾಡದೆ, ಯಂತ್ರವನ್ನು ಕಾಯುತ್ತ ಎಚ್ಚರವಾಗಿ ಕುಳಿತಿರುತ್ತಾರೆ. ನಿದ್ದೆಗೆಟ್ಟವನು ಬೆಳಗಿನ ಜಾವದಲ್ಲಿ ಮಾಡಿದ ತಿದ್ದುಪಡಿಯನ್ನು ಹುಡುಕಿ ಸರಿಪಡಿಸಲು ಎರಡು ಹಗಲು ಬೇಕಾಗುವುದನ್ನು ನಾವು ಕಂಡಿದ್ದೇವೆ.

ಸ್ಪ್ರೆಡ್‌ಶೀಟಿನ ಮೇಲೆ ನಮಗೆ ಅಷ್ಟು ವಿಶ್ವಾಸವಿಲ್ಲವೆಂಬುದನ್ನು ಮುಚ್ಚಿಡುವುದೇಕೆ? ಅದರಲ್ಲಿ ಸಂಖ್ಯೆ ಕಾಣುವುದು, ಸಂಖ್ಯೆ ಹುಟ್ಟಿದ ಬಗೆ ಕಾಣುವುದಿಲ್ಲ. ೨೦೧೦ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು, ಸರಕಾರದ ಸಾಲವು ದೇಶದ ಉತ್ಪನ್ನದ ಶೇಕಡ ೯೦ನ್ನು ಮೀರಿದರೆ ಆರ್ಥಿಕ ಬೆಳವಣಿಗೆ ಕುಸಿಯುವುದೆಂದು ತೋರಿಸುವ ಲೇಖನವೊಂದನ್ನು ಪ್ರಕಟಿಸಿದರು. ಮಿತವ್ಯಯವನ್ನು ಸಾರುತ್ತಿದ್ದ ರಾಜಕಾರಣಿಗಳು ಅದನ್ನು ಎತ್ತಿ ಹಿಡಿದರು. ಮೆಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಆಮ್‌ಹರ್ಸ್ಟ್ ಶಾಖೆಯಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನ ವಿದ್ಯಾರ್ಥಿಗೆ, ಪ್ರಕಟವಾದ ಯಾವುದಾದರೂ ಲೇಖನದ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬೇಕೆಂದು ತರಗತಿಯಲ್ಲಿ ಕೆಲಸ ಕೊಟ್ಟಿದ್ದರು. ಅವನು ಇದನ್ನು ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಅವರ ಉತ್ತರ ಬರಲೊಲ್ಲದು! ತಪ್ಪು ತನ್ನದೇ ಎಂದು ಬಗೆದು ಮತ್ತೆ ಮತ್ತೆ ಮಾಡಿದ. ಕೊನೆಗೆ ಲೇಖಕರಿಗೇ ಪತ್ರ ಬರೆದ. ಅವರು ಔದಾರ್ಯದಿಂದ ತಮ್ಮ ಸ್ಪ್ರೆಡ್‌ಶೀಟನ್ನೇ ಕಳುಹಿಸಿಕೊಟ್ಟರು. ತೆರೆದು ನೋಡಿದರೆ, ಸರಾಸರಿ ತೆಗೆಯುವ ಸೂತ್ರವು ೩೦ನೆಯ ಸಾಲಿನಿಂದ ೪೯ನೆಯ ಸಾಲಿನವರೆಗೆ ಹೋಗಬೇಕಾದುದು ೪೪ನೆಯ ಸಾಲಿನಲ್ಲಿಯೇ ನಿಂತಿತ್ತು. ಇಪ್ಪತ್ತು ದೇಶಗಳಲ್ಲಿ ಐದು ಲೆಕ್ಕಕ್ಕೇ ಬಂದಿರಲಿಲ್ಲ. ೨೦೧೩ರಲ್ಲಿ ತನ್ನ ಇಬ್ಬರು ಅಧ್ಯಾಪಕರೊಡನೆ ಸೇರಿ ಅವನು ತಿದ್ದಿದ ಲೆಕ್ಕವನ್ನು ಪ್ರಕಟಿಸಿದ: ಮೂಲದಲ್ಲಿ ಬೆಳವಣಿಗೆ ಶೇಕಡ ಋಣ ೦.೧ ಎಂದಿದ್ದುದು ಶೇಕಡ ೨.೨ ಆಯಿತು. ಈ ಅಂತರವೆಲ್ಲ ಸೂತ್ರದ ತಪ್ಪಿನಿಂದಲೇ ಬಂದುದಲ್ಲ. ಹೆಚ್ಚು ಭಾಗಕ್ಕೆ ಕಾರಣ ಕೆಲವು ವರ್ಷಗಳನ್ನು ಬಿಟ್ಟಿದ್ದುದೂ ದೇಶಗಳಿಗೆ ತೂಕ ಕೊಟ್ಟ ರೀತಿಯೂ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಲೋಕದ ನಾಲಗೆಯಲ್ಲಿ ಉಳಿದುದು ಆ ಐದು ಸಾಲುಗಳೇ.

ಜೀವವಿಜ್ಞಾನಿಗಳ ಕಷ್ಟ ಮತ್ತೊಂದು ಬಗೆಯದು. ‘ಸೆಪ್ಟ್ ೧’, ‘ಮಾರ್ಚ್ ೧’ ಎಂಬ ಸಂಕ್ಷಿಪ್ತ ಹೆಸರಿನ ಜೀನುಗಳನ್ನು ಸ್ಪ್ರೆಡ್‌ಶೀಟು ತಾರೀಖುಗಳೆಂದು ತಿಳಿದು ಬದಲಿಸಿಬಿಡುತ್ತಿತ್ತು. ಯಂತ್ರವನ್ನು ತಿದ್ದಲಾರದೆ, ೨೦೨೦ರಲ್ಲಿ ಮನುಷ್ಯರ ಜೀನುಗಳಿಗೆ ಹೆಸರಿಡುವ ಸಮಿತಿಯವರು ಜೀನುಗಳ ಹೆಸರುಗಳನ್ನೇ ಬದಲಿಸಿದರು!

ನಮ್ಮ ನೆರೆಯ ಕನ್ನಡ ವಿಭಾಗದ ಸಂಶೋಧಕರೊಬ್ಬರು ಒಮ್ಮೆ ತಮ್ಮ ಪ್ರಬಂಧದ ಸಾರಾಂಶವನ್ನು ಪರೀಕ್ಷಕರಿಗೆ ಇ-ಮೇಲಿನಲ್ಲಿ ಕಳುಹಿಸಿದರು. ಪರೀಕ್ಷಕರ ತೆರೆಯ ಮೇಲೆ ಕಾಣಿಸಿದ್ದು ಇಂಗ್ಲಿಷ್ ಅಕ್ಷರಗಳ, ಚುಕ್ಕಿಕೊಂಬುಗಳ ಸಂತೆ. ಅಕ್ಷರಗಳನ್ನು ಯಂತ್ರವು ಸಂಖ್ಯೆಗಳಾಗಿ ಮಾತ್ರ ಬಲ್ಲುದು. ಹಳೆಯ ಕನ್ನಡ ಲಿಪಿವಿನ್ಯಾಸಗಳಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಮೀಸಲಾದ ಸಂಖ್ಯೆಯನ್ನೇ ಎರವಲು ಪಡೆದು, ಅದಕ್ಕೆ ಕನ್ನಡದ ತಲೆಕಟ್ಟನ್ನೋ ಒತ್ತನ್ನೋ ತೊಡಿಸಿರುತ್ತಿದ್ದರು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ವೇಷ ಕಳಚಿ ಇಂಗ್ಲಿಷೇ ಹೊರಬೀಳುವುದು. ೧೯೯೧ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ವಂತ ಸ್ಥಾನಗಳುಂಟು: ೩೨೦೦ರಿಂದ ೩೩೨೭ರವರೆಗಿನ ೧೨೮ ಮನೆಗಳು. ‘ಕ’ ೩೨೨೧, ‘ಷ’ ೩೨೫೫, ಅರ್ಧಾಕ್ಷರದ ಕೊಂಬು ೩೨೭೭. ‘ಕ್ಷ’ ಎಂಬುದು ಯಂತ್ರದ ಪಾಲಿಗೆ ೩೨೨೧, ೩೨೭೭, ೩೨೫೫ ಎಂಬ ಮೂರು ಸಂಖ್ಯೆಗಳ ಸಾಲು. ವ್ಯಾಕರಣದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿದಂತೆಯೇ ಆಯಿತು. ಹೀಗೆ ಬರೆದುದನ್ನು ಯಾವ ಯಂತ್ರದಲ್ಲಿಯೂ ಓದಬಹುದು, ಹುಡುಕಬಹುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಎಲ್ಲರ ಕೈಗೂ ಒಗ್ಗಿರುವುದರಿಂದ, ಹಳೆಯದರಿಂದ ಹೊಸದಕ್ಕೆ ಬರುವವರು ಬೆರಳುಗಳಿಗೆ ಮತ್ತೆ ಪಾಠ ಹೇಳಬೇಕಾಗಿಲ್ಲ. ಹಳೆಯ ಕಡತಗಳನ್ನು ಪರಿವರ್ತಿಸಿದ ಮೇಲೆ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿ ನೋಡಬೇಕು; ಅರ್ಕಾವೊತ್ತು ಜಾಗ ಬಿಟ್ಟು ಕದಲುವುದು ಹೆಚ್ಚು.

ಪ್ರಬಂಧ ಬರೆಯುವುದಕ್ಕೆ ಯಾವ ಸಾಧನ ಒಳ್ಳೆಯದೆಂದು ಕೇಳುವವರಿದ್ದಾರೆ. ಸಮೀಕರಣಗಳು ಹೆಚ್ಚಾಗಿದ್ದರೆ ಡೊನಾಲ್ಡ್ ಕ್ನೂತ್ ಎಂಬ ಗಣಿತಜ್ಞರು ರಚಿಸಿದ ‘ಟೆಕ್’, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ‘ಲೇಟೆಕ್’ ಇವುಗಳಿಗೆ ಸಮಾನವಾದುದಿಲ್ಲ. ೧೯೭೭ರಲ್ಲಿ ತಮ್ಮ ಪುಸ್ತಕದ ಮರುಮುದ್ರಣದ ಕರಡು ಅಂದಗೆಟ್ಟಿದ್ದುದನ್ನು ಕಂಡು, ಕ್ನೂತರು ಬೇಗ ಮುಗಿಸಿಬಿಡುವೆನೆಂದು ಈ ಕೆಲಸಕ್ಕೆ ಕೈಹಾಕಿದರು. ಹತ್ತು ವರ್ಷಕ್ಕೂ ಹೆಚ್ಚಾಯಿತು. ಅದರ ಆವೃತ್ತಿಗಳ ಸಂಖ್ಯೆ ಪೈ ಎಂಬ ಸಂಖ್ಯೆಯ ಕಡೆಗೆ ಒಂದೊಂದೇ ಅಂಕ ಬೆಳೆಯುತ್ತ ಹೋಗುತ್ತಿದೆ. ೨೦೨೧ರಲ್ಲಿ ಬಂದುದು ೩.೧೪೧೫೯೨೬೫೩. ಕಲಿಯಲು ಒಂದು ತಿಂಗಳು ಬೇಕು. ಆ ತಿಂಗಳು ಮೊದಲನೆಯ ವರ್ಷದಲ್ಲಿರಬೇಕೇ ಹೊರತು ಕೊನೆಯ ವರ್ಷದಲ್ಲಲ್ಲ.

ಈಚೆಗೆ, ಕೇಳಿದುದಕ್ಕೆಲ್ಲ ಸೊಗಸಾದ ವಾಕ್ಯಗಳಲ್ಲಿ ಉತ್ತರ ಬರೆದುಕೊಡುವ ಯಂತ್ರಗಳೂ ಬಂದಿವೆ. ಕ್ರಮವಿಧಿಯಲ್ಲಿ ತಪ್ಪಿರುವುದೆಲ್ಲಿ ಎಂದು ಕೇಳಿದರೆ ಅವು ಎಷ್ಟೋ ವೇಳೆ ಸರಿಯಾಗಿ ಹೇಳುತ್ತವೆ; ನಾವೂ ಕೇಳುವುದುಂಟು. ಆದರೆ ಇಲ್ಲದ ಲೇಖನವೊಂದನ್ನು, ಲೇಖಕರ ಹೆಸರು, ಪತ್ರಿಕೆ, ಪುಟಸಂಖ್ಯೆಗಳ ಸಮೇತ, ಅಳುಕಿಲ್ಲದೆ ಹೇಳುವ ಗುಣವೂ ಅವುಗಳಿಗುಂಟು. ೨೦೨೩ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಇಂಥ ಯಂತ್ರವೊಂದು ಹುಟ್ಟಿಸಿಕೊಟ್ಟ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದಿಟ್ಟು ದಂಡ ತೆತ್ತರು. ಪ್ರಬಂಧದ ಕೊನೆಯಲ್ಲಿ ಹೆಸರಿಸುವ ಪ್ರತಿಯೊಂದು ಲೇಖನದ ಮೊದಲ ಪುಟವನ್ನಾದರೂ ಕಣ್ಣಾರೆ ಕಂಡಿರಬೇಕೆಂದು ನಾವು ವಿದ್ಯಾರ್ಥಿಗಳಿಂದ ಮಾತು ತೆಗೆದುಕೊಳ್ಳುತ್ತೇವೆ.

ಆ ಹುಡುಗಿಯ ವಿಷಯ ಹೇಳುವುದು ಉಳಿಯಿತು. ನಮ್ಮ ಪ್ರಯೋಗಶಾಲೆಯಲ್ಲಿ ಹಿರಿಯ ಸಹಾಯಕರೊಬ್ಬರಿದ್ದಾರೆ. ಹೊಲಿದ ರಟ್ಟಿನ ಪುಸ್ತಕದಲ್ಲಿ ಶಾಯಿಯಿಂದ ಬರೆಯದವರನ್ನು ಅವರು ಒಳಗೆ ಬಿಡುವುದಿಲ್ಲ; ಅಳತೆಯನ್ನು ನೇರವಾಗಿ ಲ್ಯಾಪ್‌ಟಾಪಿಗೆ ತುಂಬುವವರನ್ನು ಕಂಡರೆ ಸಿಡುಕುತ್ತಾರೆ. ಅವರ ಕಾಟಕ್ಕೆ ಹೆದರಿ ಅವಳು ಮೊದಲ ಆರು ಪೊರೆಗಳ ಅಳತೆಗಳನ್ನು ಪುಸ್ತಕದಲ್ಲಿ ಬರೆದಿದ್ದಳು. ಅನಂತರ ಮಗಳ ಮದುವೆಗೆಂದು ಅವರು ಒಂದು ತಿಂಗಳು ರಜೆಯ ಮೇಲೆ ಹೋದರು. ಪುಸ್ತಕವೂ ಅಲ್ಲಿಗೇ ನಿಂತಿತ್ತು. ಉಳಿದ ಐದರಲ್ಲಿ ನಾಲ್ಕನ್ನು ಮತ್ತೆ ಅಳೆದೆವು. ಮೂರು ವಾರ ಸಂಜೆ ಏಳರವರೆಗೆ ಪ್ರಯೋಗಶಾಲೆ ತೆರೆದಿತ್ತು, ಸಹಾಯಕರೂ ಕುಳಿತಿರುತ್ತಿದ್ದರು. ಐದನೆಯ ಪೊರೆ ಗಾಜಿನಿಂದ ಎದ್ದುಬಂದಿತ್ತು, ಅದನ್ನು ಬಿಡಬೇಕಾಯಿತು. ಪ್ರಬಂಧ ಹತ್ತು ಪೊರೆಗಳದಾಗಿ ಗಡುವಿನ ಹಿಂದಿನ ದಿನ ಒಪ್ಪಿಸಲ್ಪಟ್ಟಿತು. ಈ ವರ್ಷದ ವಿದ್ಯಾರ್ಥಿಗಳು ಪ್ರತಿ ಶುಕ್ರವಾರ ಮಧ್ಯಾಹ್ನ ತಮ್ಮ ಪ್ರತಿಗಳನ್ನು ವಿಭಾಗದ ಡಿಸ್ಕಿಗೆ ತಂದು ಹಾಕುತ್ತಾರೆ. ಡಿಸ್ಕು ಉಕ್ಕಿನ ಬೀರುವಿನಲ್ಲಿರುತ್ತದೆ. ಬೀಗದ ಕೈ ಸಹಾಯಕರ ಬಳಿ ಇದೆ. ಪುಸ್ತಕ ತೋರಿಸಿದ ಹೊರತು ಅವರು ಬೀರು ತೆರೆಯುವುದಿಲ್ಲ.